ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ ಮಹಿಳೆಯರ ಜೀವನ ಗುಣಮಟ್ಟದ ಪ್ರಶ್ನಾವಳಿಯನ್ನು ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಕನ್ನಡಕ್ಕೆ ಅಳವಡಿಸುವುದು: ಸಮಗ್ರ ಮಾರ್ಗದರ್ಶಿ

ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ಕಿಮೊಥೆರಪಿ, ರೇಡಿಯೇಷನ್ ಎಲ್ಲವನ್ನೂ ಮುಗಿಸಿ ಊರಿಗೆ ಮರಳಿದ ಮಹಿಳೆಯ ಬದುಕು ಹೇಗಿದೆ ಎಂದು ತಿಳಿಯಲು ಹೊರಡುವ ಸ್ನಾತಕೋತ್ತರ ವಿದ್ಯಾರ್ಥಿ ಅಥವಾ ನರ್ಸಿಂಗ್ ಅಧ್ಯಾಪಕಿಯ ಕೈಯಲ್ಲಿ ಸಾಮಾನ್ಯವಾಗಿ ಇಂಗ್ಲಿಷಿನ ಒಂದು ಪ್ರಶ್ನಾವಳಿ ಇರುತ್ತದೆ. ಅದನ್ನು ಪರಿಚಯದ ಶಿಕ್ಷಕರೊಬ್ಬರಿಂದ ಕನ್ನಡಕ್ಕೆ ಬರೆಸಿ, ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ತಿರುಗಿಸಿ, ಎರಡೂ ಹೊಂದುತ್ತವೆ ಎಂದು ಪ್ರಬಂಧದಲ್ಲಿ ಒಂದು ಸಾಲು ಬರೆದು ಮುಂದೆ ಸಾಗುವುದು ಎಲ್ಲರಿಗೂ ಗೊತ್ತಿರುವ ರೂಢಿ. ಹಾಗೆ ತಯಾರಾದ ಪ್ರಶ್ನಾವಳಿಯಿಂದ ಬರುವ ಅಂಕಿಗಳು ಮಹಿಳೆಯ ಸ್ಥಿತಿಯನ್ನು ಹೇಳುತ್ತವೆಯೋ, ಪ್ರಶ್ನೆ ಅರ್ಥವಾಗದೆ ಕೊಟ್ಟ ಉತ್ತರವನ್ನು ಹೇಳುತ್ತವೆಯೋ ಎಂಬುದನ್ನು ಯಾವ ಸಂಖ್ಯಾಶಾಸ್ತ್ರವೂ ಆಮೇಲೆ ಬಿಡಿಸಿ ಕೊಡಲಾರದು. ಆದ್ದರಿಂದ ಈ ಕೆಲಸಕ್ಕೆ ಮೀಸಲಿಟ್ಟ ಸಮಯ ಮತ್ತು ಹಣದ ದೊಡ್ಡ ಪಾಲು ಭಾಷಾಂತರದ ಮೇಜಿನ ಮೇಲೆ ಅಲ್ಲ, ಆ ಮಹಿಳೆಯರ ಎದುರು ಕುಳಿತು ಕೇಳಿಸಿಕೊಳ್ಳುವುದರಲ್ಲಿ ಖರ್ಚಾಗಬೇಕು ಎಂಬುದೇ ನನ್ನ ದೃಢವಾದ ಅಭಿಪ್ರಾಯ.

ಹಂತ 1: ಪ್ರಶ್ನಾವಳಿಯ ಆಯ್ಕೆ ಮತ್ತು ಅನುಮತಿ

ಮೊದಲು ನಿರ್ಧರಿಸಬೇಕಾದದ್ದು ಯಾರನ್ನು ಅಳೆಯುತ್ತೀರಿ ಎಂಬುದು. ಚಿಕಿತ್ಸೆ ನಡೆಯುತ್ತಿರುವವರಿಗೆ ಹೊಂದುವ ಪ್ರಶ್ನೆಗಳು ಚಿಕಿತ್ಸೆ ಮುಗಿದು ಐದಾರು ವರ್ಷವಾದವರಿಗೆ ಹೊಂದುವುದಿಲ್ಲ. ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಾದ ಇಒಆರ್‌ಟಿಸಿಯ ಕ್ಯೂಎಲ್‌ಕ್ಯೂ-ಸಿ30 ಎಂಬ 30 ಪ್ರಶ್ನೆಗಳ ಮೂಲ ಪ್ರಶ್ನಾವಳಿ (1993) ಮತ್ತು ಅದರ ಜೊತೆ ಬಳಸುವ ಸ್ತನ ಕ್ಯಾನ್ಸರ್ ವಿಭಾಗವಾದ 23 ಪ್ರಶ್ನೆಗಳ ಬಿಆರ್23 (1996) ಹೆಚ್ಚು ಬಳಕೆಯಲ್ಲಿವೆ. ಆದರೆ ವಾಂತಿ, ಕೂದಲು ಉದುರುವಿಕೆಯಂಥ ಚಿಕಿತ್ಸಾಕಾಲದ ಲಕ್ಷಣಗಳಿಗೆ ಅವು ಕೊಟ್ಟಿರುವ ಜಾಗ ದೊಡ್ಡದು. ಅಮೆರಿಕದಲ್ಲಿ ರೂಪುಗೊಂಡ ಫ್ಯಾಕ್ಟ್-ಬಿ 37 ಹೇಳಿಕೆಗಳದು. ಪ್ರಶ್ನೆಯ ಬದಲು ‘ನನಗೆ ಹೀಗಿದೆ’ ಎಂಬ ವಾಕ್ಯ ನಿಮಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂದು ಕೇಳುವ ಅದರ ಕ್ರಮ ಕನ್ನಡದಲ್ಲಿ ಒಂದು ವಿಶೇಷ ತೊಡಕನ್ನು ತರುತ್ತದೆ, ಅದನ್ನು ಮುಂದೆ ವಿವರಿಸುತ್ತೇನೆ. ದೀರ್ಘಕಾಲ ಬದುಕಿರುವವರಿಗಾಗಿಯೇ ರಚಿಸಿದ ಕ್ಯೂಎಲ್‌ಎಸಿಎಸ್ ಎಂಬ ಪ್ರಶ್ನಾವಳಿಯಲ್ಲಿ 47 ಅಂಶಗಳಿದ್ದು, ರೋಗ ಮರುಕಳಿಸುವ ಭಯ, ಕುಟುಂಬದವರಿಗೂ ಬರಬಹುದೆಂಬ ಆತಂಕ, ಹಣಕಾಸಿನ ತೊಂದರೆ ಮುಂತಾದವು ಅದರಲ್ಲಿ ಪ್ರತ್ಯೇಕ ವಿಭಾಗಗಳಾಗಿವೆ.

ಆಯ್ಕೆ ಮಾಡಿದ ಕೂಡಲೇ ಅನುವಾದಕ್ಕೆ ಕೈಹಾಕಬಾರದು. ಈ ಪ್ರಶ್ನಾವಳಿಗಳಿಗೆ ಹಕ್ಕುದಾರರಿದ್ದಾರೆ; ಅವರಿಗೆ ಪತ್ರ ಬರೆದು ಕನ್ನಡ ಆವೃತ್ತಿ ಈಗಾಗಲೇ ಇದೆಯೇ, ಇದ್ದರೆ ಅದು ಯಾವ ಪ್ರದೇಶದ ರೋಗಿಗಳ ಮೇಲೆ ಪರೀಕ್ಷೆಗೊಳಗಾಗಿದೆ, ಹೊಸದಾಗಿ ಮಾಡುವುದಾದರೆ ಅವರ ನಿಯಮಾವಳಿಯೇನು ಎಂದು ಕೇಳಬೇಕು. ಕನ್ನಡ ಆವೃತ್ತಿ ಇದ್ದರೆ ನಿಮ್ಮ ಕೆಲಸ ಚಿಕ್ಕದಾಗುತ್ತದೆಯೇ ಹೊರತು ಮುಗಿಯುವುದಿಲ್ಲ. ಬೆಂಗಳೂರಿನ ಹೊರರೋಗಿ ವಿಭಾಗದಲ್ಲಿ ಸರಾಗವಾಗಿ ಅರ್ಥವಾದ ವಾಕ್ಯ ದೇವದುರ್ಗ ಅಥವಾ ಕುಷ್ಟಗಿಯ ಹೆಣ್ಣುಮಗಳಿಗೆ ಅದೇ ಅರ್ಥವನ್ನು ಕೊಡುತ್ತದೆಯೇ ಎಂಬುದನ್ನು ಹಂತ 5ರ ಸಂದರ್ಶನಗಳಿಂದಲೇ ತಿಳಿಯಬೇಕು. ಅಂಥ ಸಂದರ್ಭದಲ್ಲಿ ನಡುವಿನ ಹಂತಗಳನ್ನು ಬಿಟ್ಟು ನೇರವಾಗಿ ಅಲ್ಲಿಗೇ ಹೋಗಬಹುದು.

ಅನುಮತಿಗೆ ಕಾಯುವ ಅವಧಿಯಲ್ಲಿ ನಿಮ್ಮ ಸಂಸ್ಥೆಯ ನೈತಿಕ ಸಮಿತಿಗೆ ಅರ್ಜಿ ಸಲ್ಲಿಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯ ಪ್ರಕಾರ ಓದಲು ಬಾರದವರಿಂದ ಒಪ್ಪಿಗೆ ಪಡೆಯುವಾಗ ಸಂಶೋಧನೆಗೆ ಸಂಬಂಧಿಸದ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಇರಬೇಕು, ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲಿ ಅವರ ಸಹಿ ಬೇಕು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಮಹಿಳಾ ಸಾಕ್ಷರತೆ ಶೇಕಡಾ 50ನ್ನೂ ಮುಟ್ಟಿರಲಿಲ್ಲ; ಐವತ್ತು, ಅರವತ್ತರ ವಯಸ್ಸಿನವರಲ್ಲಿ ಓದಬಲ್ಲವರು ಇನ್ನೂ ಕಡಿಮೆ ಎಂದಿಟ್ಟುಕೊಂಡೇ ಇಡೀ ಯೋಜನೆಯನ್ನು ರೂಪಿಸಬೇಕು.

ಹಂತ 2: ಎರಡು ಸ್ವತಂತ್ರ ಅನುವಾದಗಳು ಮತ್ತು ಅವುಗಳ ಜೋಡಣೆ

2000ರಲ್ಲಿ ಬೀಟನ್ ಮತ್ತು ಸಹಲೇಖಕರು ಪ್ರಕಟಿಸಿದ ಮಾರ್ಗಸೂಚಿಯನ್ನೂ, ಆರೋಗ್ಯ ಅರ್ಥಶಾಸ್ತ್ರ ಮತ್ತು ಚಿಕಿತ್ಸೆಯ ಫಲಿತಾಂಶಗಳ ಸಂಶೋಧಕರ ಅಂತರರಾಷ್ಟ್ರೀಯ ಸಂಘವಾದ ಐಎಸ್‌ಪಿಒಆರ್‌ನ ಕಾರ್ಯಪಡೆಯ 2005ರ ತತ್ವಗಳನ್ನೂ ಹೆಚ್ಚಿನ ತಂಡಗಳು ಅನುಸರಿಸುತ್ತವೆ. ಎರಡರಲ್ಲೂ ಮೊದಲ ಹೆಜ್ಜೆ ಒಂದೇ: ಕನ್ನಡ ಮಾತೃಭಾಷೆಯ ಇಬ್ಬರು ಒಬ್ಬರಿಗೊಬ್ಬರು ತೋರಿಸದೆ ಅನುವಾದ ಮಾಡಬೇಕು. ಬೀಟನ್ ಅವರ ಕ್ರಮದಲ್ಲಿ ಒಬ್ಬರಿಗೆ ವಿಷಯ ತಿಳಿದಿರಬೇಕು, ಇನ್ನೊಬ್ಬರು ವೈದ್ಯಕೀಯದ ಹೊರಗಿನವರಾಗಿರಬೇಕು. ಇದಕ್ಕೆ ನಾನು ಇನ್ನೊಂದು ಷರತ್ತನ್ನು ಸೇರಿಸುತ್ತೇನೆ: ಇಬ್ಬರಲ್ಲಿ ಒಬ್ಬರಾದರೂ ಈ ಸೀಮೆಯಲ್ಲೇ ಹುಟ್ಟಿ ಬೆಳೆದವರಾಗಿರಬೇಕು, ಸಾಧ್ಯವಾದರೆ ಮಹಿಳೆಯಾಗಿರಬೇಕು.

ಇಲ್ಲಿ ಯಾವ ಕನ್ನಡ ಎಂಬ ಪ್ರಶ್ನೆ ಬರುತ್ತದೆ. ರಾಯಚೂರಿನಲ್ಲಿ ‘ಅದ’, ಕೊಪ್ಪಳದಲ್ಲಿ ‘ಐತಿ’, ಬಳ್ಳಾರಿ ಕಡೆ ‘ಐತೆ’ ಎನ್ನುವ ನಾಡಿನಲ್ಲಿ ಯಾವುದೇ ಒಂದು ಆಡುಮಾತಿನಲ್ಲಿ ಪ್ರಶ್ನಾವಳಿಯನ್ನು ಮುದ್ರಿಸಿದರೆ ಉಳಿದ ಎರಡು ಜಿಲ್ಲೆಗಳವರಿಗೆ ಅದು ಅಪರಿಚಿತವಾಗುತ್ತದೆ, ಕೆಲವರಿಗೆ ಅಗೌರವವಾಗಿಯೂ ಕಾಣಬಹುದು. ಮುದ್ರಿತ ಪಠ್ಯ ಸರಳವಾದ ಬರಹದ ಕನ್ನಡದಲ್ಲಿರಲಿ; ಓದಿ ಹೇಳುವವರು ಕ್ರಿಯಾಪದದ ಕೊನೆಯನ್ನು ಮಾತ್ರ ಸ್ಥಳೀಯವಾಗಿ ಬದಲಿಸಬಹುದು, ನಾಮಪದಗಳನ್ನಾಗಲೀ ಉತ್ತರದ ಆಯ್ಕೆಗಳನ್ನಾಗಲೀ ಬದಲಿಸಕೂಡದು ಎಂದು ಸಂದರ್ಶಕಿಯರ ಸೂಚನಾ ಪುಸ್ತಿಕೆಯಲ್ಲಿ ಬರೆದಿಡಿ. ‘ಅರ್ಬುದ’, ‘ದೈಹಿಕ ಚಟುವಟಿಕೆ’, ‘ಖಿನ್ನತೆ’ ಮುಂತಾದ ಪಠ್ಯಪುಸ್ತಕದ ಪದಗಳಿಗೆ ಬದಲಾಗಿ ಕ್ಯಾನ್ಸರ್, ಕೆಲಸ, ಬೇಸರ ಎಂಬ ಮಾತುಗಳೇ ಬರಲಿ. ‘ಗುಣಮುಖರಾದವರು’ ಎಂದು ಶೀರ್ಷಿಕೆಯಲ್ಲಿ ಹಾಕಬೇಡಿ, ಏಕೆಂದರೆ ಅದು ವೈದ್ಯರೂ ಕೊಡದ ಭರವಸೆ. ‘ಚಿಕಿತ್ಸೆ ಮುಗಿಸಿದವರು’ ಎಂದರೆ ಸಾಕು.

ಎರಡೂ ಅನುವಾದಗಳು ಬಂದ ಮೇಲೆ ಅನುವಾದಕರಿಬ್ಬರನ್ನೂ ಕೂರಿಸಿಕೊಂಡು ಮೂರನೆಯವರೊಬ್ಬರು ಒಂದೊಂದೇ ಪ್ರಶ್ನೆಯನ್ನು ಜೋಡಿಸಬೇಕು. ಯಾವುದನ್ನು ಏಕೆ ಆರಿಸಿದಿರಿ ಎಂಬುದನ್ನು ಆ ಕ್ಷಣದಲ್ಲೇ ದಾಖಲಿಸಿಕೊಳ್ಳಿ; ತಿಂಗಳ ನಂತರ ಅದು ಯಾರಿಗೂ ನೆನಪಿರುವುದಿಲ್ಲ.

ಹಂತ 3: ಮರು ಅನುವಾದ

ಮೂಲ ಪ್ರಶ್ನಾವಳಿಯನ್ನು ನೋಡಿರದ ಇಬ್ಬರು ಜೋಡಿಸಿದ ಕನ್ನಡ ಪಠ್ಯವನ್ನು ಮರಳಿ ಇಂಗ್ಲಿಷಿಗೆ ತರಬೇಕು. ಇಂಗ್ಲಿಷ್ ಮಾತೃಭಾಷೆಯವರೇ ಬೇಕೆಂಬ ನಿಯಮವನ್ನು ಇಲ್ಲಿ ಪಾಲಿಸುವುದು ಕಷ್ಟ. ಎರಡೂ ಭಾಷೆಗಳಲ್ಲಿ ನಿಜವಾಗಿ ಪಳಗಿದವರನ್ನು ಹುಡುಕಿ, ಹಕ್ಕುದಾರರಿಗೆ ಅದನ್ನು ಮುಂಚೆಯೇ ತಿಳಿಸಿ. ಮರು ಅನುವಾದ ಮೂಲಕ್ಕೆ ಅಕ್ಷರಶಃ ಹೊಂದಿದರೆ ಸಂತೋಷಪಡುವ ಬದಲು ಅನುಮಾನಪಡಿ, ಏಕೆಂದರೆ ಇಂಗ್ಲಿಷಿನ ಪದಪದಕ್ಕೆ ಅಂಟಿಕೊಂಡ ಬಿಗಿಯಾದ ಕನ್ನಡವೇ ಅತ್ಯಂತ ಸುಲಭವಾಗಿ ಇಂಗ್ಲಿಷಿಗೆ ಹಿಂತಿರುಗುತ್ತದೆ.

ಹಂತ 4: ತಜ್ಞರ ಸಮಿತಿ

ಶಸ್ತ್ರಚಿಕಿತ್ಸಕರು ಅಥವಾ ಕ್ಯಾನ್ಸರ್ ತಜ್ಞರು, ಫಿಸಿಯೊಥೆರಪಿಸ್ಟ್, ಶುಶ್ರೂಷಾಧಿಕಾರಿ, ಸಂಶೋಧನಾ ವಿಧಾನ ಬಲ್ಲವರು, ಕನ್ನಡ ಅಧ್ಯಾಪಕರು, ಎಲ್ಲ ಅನುವಾದಕರು, ಒಬ್ಬ ಆಶಾ ಕಾರ್ಯಕರ್ತೆ ಮತ್ತು ಚಿಕಿತ್ಸೆ ಮುಗಿಸಿದ ಇಬ್ಬರು ಮಹಿಳೆಯರು ಸಮಿತಿಯಲ್ಲಿರಲಿ. ಬಳ್ಳಾರಿ ಮತ್ತು ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲೂ 2015ರಲ್ಲಿ ಆರಂಭವಾದ ಕೊಪ್ಪಳದ ಕಾಲೇಜಿನಲ್ಲೂ ಇಷ್ಟು ಜನ ಸಿಗುತ್ತಾರೆ. ವೈದ್ಯರೆದುರು ಮಹಿಳೆಯರು ಬಾಯಿಬಿಡದೆ ಕೂರುವ ಸಂಭವವಿರುವುದರಿಂದ ಪ್ರತಿಯೊಂದು ಪ್ರಶ್ನೆಗೂ ಮೊದಲ ಮಾತು ಅವರದೇ ಆಗಲಿ ಎಂದು ಅಧ್ಯಕ್ಷರು ಆರಂಭದಲ್ಲೇ ಸ್ಪಷ್ಟಪಡಿಸಬೇಕು.

ಸಮಿತಿ ನೋಡಬೇಕಾದದ್ದು ಪದದ ಅರ್ಥ, ನುಡಿಗಟ್ಟು, ಅನುಭವ ಮತ್ತು ಪರಿಕಲ್ಪನೆ ಈ ನಾಲ್ಕರ ಸಮಾನತೆಯನ್ನು. ನಾಲ್ಕರಲ್ಲಿ ನಮ್ಮ ಭಾಗದಲ್ಲಿ ಹೆಚ್ಚು ತೊಡಕು ಕೊಡುವುದು ಅನುಭವದ ಸಮಾನತೆ. ಭಾರವಾದ ಖರೀದಿ ಚೀಲ ಅಥವಾ ಸೂಟ್‌ಕೇಸ್ ಹೊರುವಂಥ ಶ್ರಮದ ಕೆಲಸದ ಬಗ್ಗೆ ಕ್ಯೂಎಲ್‌ಕ್ಯೂ-ಸಿ30ರ ಮೊದಲ ಪ್ರಶ್ನೆಯೇ ಕೇಳುತ್ತದೆ. ಸಿಂಧನೂರಿನ ಗದ್ದೆಯಲ್ಲಿ ನಾಟಿ ಮಾಡುವ ಅಥವಾ ಮಾನ್ವಿಯಲ್ಲಿ ಹತ್ತಿ ಬಿಡಿಸುವ ಮಹಿಳೆಯ ದಿನದಲ್ಲಿ ಸೂಟ್‌ಕೇಸ್ ಇಲ್ಲ, ತುಂಬಿದ ಕೊಡವಿದೆ. ಆದರೆ ಕೊಡವನ್ನು ಹಾಕುವ ಮುನ್ನ ಎರಡು ಸಂಗತಿಗಳನ್ನು ಯೋಚಿಸಬೇಕು. ಭಾರ ಹೆಚ್ಚುಕಡಿಮೆ ಸಮನಾಗಿರಬೇಕು, ಅಂದರೆ ಜೋಳದ ಚೀಲವನ್ನು ಹಾಕಿದರೆ ಆರೋಗ್ಯವಂತರೂ ‘ಕಷ್ಟ’ ಎನ್ನುತ್ತಾರೆ. ಮತ್ತು ಕಂಕುಳಿನ ಗ್ರಂಥಿಗಳನ್ನು ತೆಗೆಸಿಕೊಂಡವರಿಗೆ ಆ ಕೈಯಿಂದ ಭಾರ ಎತ್ತಬೇಡಿರೆಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿರುವ ಸಾಧ್ಯತೆಯಿದೆ. ಆಗ ‘ನಾನು ಎತ್ತುವುದಿಲ್ಲ’ ಎಂಬ ಉತ್ತರವು ತ್ರಾಣದ ಕೊರತೆಯನ್ನಲ್ಲ, ಸಲಹೆಯ ಪಾಲನೆಯನ್ನು ಸೂಚಿಸುತ್ತದೆ. ಇಂಥ ಬದಲಾವಣೆಯನ್ನು ಹಕ್ಕುದಾರರ ಲಿಖಿತ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. ಅವರು ಒಪ್ಪದಿದ್ದರೆ ಮೂಲ ಉದಾಹರಣೆಯನ್ನು ಉಳಿಸಿಕೊಂಡು, ಸ್ಥಳೀಯ ಉದಾಹರಣೆಯನ್ನು ಸೂಚನಾ ಪುಸ್ತಿಕೆಯಲ್ಲಿ ಸೇರಿಸಲು ಕೇಳಿಕೊಳ್ಳಿ.

ಉತ್ತರದ ಆಯ್ಕೆಗಳಿಗೆ ಪ್ರಶ್ನೆಗಳಷ್ಟೇ ಗಮನ ಬೇಕು. ಇಒಆರ್‌ಟಿಸಿಯ ನಾಲ್ಕು ಹಂತಗಳನ್ನು ‘ಇಲ್ಲವೇ ಇಲ್ಲ, ಸ್ವಲ್ಪ, ಸಾಕಷ್ಟು, ತುಂಬಾ’ ಎಂದು ಇಡುವುದು ವಾಡಿಕೆ. ‘ಸಾಕಷ್ಟು’ ಎಂಬುದನ್ನು ಬೇಕಾದಷ್ಟು, ತೃಪ್ತಿಕರ ಎಂಬರ್ಥದಲ್ಲಿ ತೆಗೆದುಕೊಳ್ಳುವವರಿದ್ದಾರೆ. ಅಂಥವರ ಉತ್ತರದಲ್ಲಿ ಎರಡನೆಯ ಮತ್ತು ಮೂರನೆಯ ಹಂತಗಳು ಅದಲುಬದಲಾಗುತ್ತವೆ. ಆಯ್ಕೆಗಳನ್ನು ಬೇರೆಬೇರೆ ಚೀಟಿಗಳಲ್ಲಿ ಬರೆದು, ಓದಬಾರದವರಿಗೆ ಬಾಯಲ್ಲಿ ಹೇಳಿ, ಕಡಿಮೆಯಿಂದ ಹೆಚ್ಚಿಗೆ ಜೋಡಿಸಲು ಹತ್ತಾರು ಮಹಿಳೆಯರನ್ನು ಕೇಳಿ. ಅವರ ಜೋಡಣೆ ನಿಮ್ಮದಕ್ಕಿಂತ ಭಿನ್ನವಾದರೆ ತಿದ್ದಿಕೊಳ್ಳಬೇಕಾದದ್ದು ನೀವು.

ಫ್ಯಾಕ್ಟ್-ಬಿ ಬಳಸುವವರಿಗೆ ಹೇಳುತ್ತೇನೆಂದ ತೊಡಕು ಇದು. ಶಕ್ತಿಯ ಕೊರತೆಯ ಕುರಿತಾದ ಹೇಳಿಕೆಯನ್ನು ‘ನನಗೆ ತ್ರಾಣವಿಲ್ಲ’ ಎಂದು ಅನುವಾದಿಸಿ ಮೊದಲ ಆಯ್ಕೆಯನ್ನು ‘ಇಲ್ಲವೇ ಇಲ್ಲ’ ಎಂದಿಟ್ಟರೆ, ದಣಿದು ಹೋದ ಮಹಿಳೆ ‘ಹೌದು, ಇಲ್ಲವೇ ಇಲ್ಲ’ ಎಂದು ಅದನ್ನೇ ಆರಿಸುತ್ತಾಳೆ. ಅಂಕ ಲೆಕ್ಕ ಹಾಕುವಾಗ ಆಕೆ ಪೂರ್ಣ ಚೈತನ್ಯದಿಂದಿದ್ದಾಳೆ ಎಂದು ದಾಖಲಾಗುತ್ತದೆ. ವಾಕ್ಯದ ನಿಷೇಧವೂ ಆಯ್ಕೆಯ ನಿಷೇಧವೂ ಒಂದರ ಮೇಲೊಂದು ಬೀಳುವ ಇಂಥ ಎಡೆಗಳನ್ನೆಲ್ಲ ಗುರುತು ಮಾಡಿ, ಹೇಳಿಕೆಯನ್ನು ‘ನನಗೆ ನಿಶ್ಶಕ್ತಿ ಆಗುತ್ತಿದೆ’ ಎಂಬಂತೆ ನಿಷೇಧವಿಲ್ಲದ ರೂಪಕ್ಕೆ ತರಲೇಬೇಕು. ಮರು ಅನುವಾದ ಈ ದೋಷವನ್ನು ಹಿಡಿಯುವುದಿಲ್ಲ, ಏಕೆಂದರೆ ವಾಕ್ಯವನ್ನೂ ಆಯ್ಕೆಯನ್ನೂ ಬಿಡಿಬಿಡಿಯಾಗಿ ನೋಡಿದಾಗ ಎರಡೂ ಸರಿಯಾಗಿಯೇ ಇರುತ್ತವೆ.

ಹಂತ 5: ಅರ್ಥಗ್ರಹಿಕೆಯ ಸಂದರ್ಶನಗಳು

ಬೀಟನ್ ಅವರ ಮಾರ್ಗಸೂಚಿ ಈ ಹಂತಕ್ಕೆ 30ರಿಂದ 40 ಜನರನ್ನು ಹೇಳುತ್ತದೆ; ಇಒಆರ್‌ಟಿಸಿಯ ಕೈಪಿಡಿ 10ರಿಂದ 15 ಜನರಲ್ಲಿ ತೃಪ್ತಿಪಡುತ್ತದೆ. ಏಳೆಂಟು ಜನರ ಸುತ್ತುಗಳಾಗಿ ಮಾಡಿ, ಪ್ರತಿ ಸುತ್ತಿನ ನಂತರ ಪಠ್ಯವನ್ನು ತಿದ್ದಿ, ಹೊಸ ತೊಂದರೆಗಳು ಕಾಣದಾಗುವವರೆಗೆ ಮುಂದುವರಿಸುವುದು ಉತ್ತಮ. ಮೂರೂ ಜಿಲ್ಲೆಗಳವರು, ಪಟ್ಟಣದವರು ಮತ್ತು ಹಳ್ಳಿಯವರು, ಓದಿದವರು ಮತ್ತು ಓದದವರು, ಸ್ತನವನ್ನು ಪೂರ್ತಿ ತೆಗೆಸಿಕೊಂಡವರು ಮತ್ತು ಉಳಿಸಿಕೊಂಡವರು ಎಲ್ಲರೂ ಇರಬೇಕು.

ಹೋಗುವ ಮುನ್ನ ಕುಟುಂಬದವರೊಂದಿಗೆ ಎಚ್ಚರದಿಂದ ಮಾತಾಡಿ ಆಕೆಗೆ ತನ್ನ ಕಾಯಿಲೆಯ ಹೆಸರು ಗೊತ್ತಿದೆಯೇ ಎಂದು ತಿಳಿದುಕೊಳ್ಳಿ. ‘ಗಡ್ಡಿ ಆಗಿತ್ತು, ತೆಗೆಸಿದೆವು’ ಎಂದಷ್ಟೇ ಹೇಳಿರುವ ಮನೆಗಳಿವೆ. ಪ್ರಶ್ನಾವಳಿಯ ಮೂಲಕ ಯಾರಿಗೂ ಕ್ಯಾನ್ಸರ್ ಸುದ್ದಿ ಮುಟ್ಟಬಾರದು. ಅಂಥವರನ್ನು ಸಂದರ್ಶನಕ್ಕೆ ಸೇರಿಸಿಕೊಳ್ಳದೆ, ಅವರಿಗೆ ಚಿಕಿತ್ಸೆ ಕೊಡುವ ವೈದ್ಯರಿಗೆ ವಿಷಯ ತಿಳಿಸುವುದೇ ಸರಿ. ಸಂದರ್ಶಕಿ ಮಹಿಳೆಯಾಗಿರಲಿ, ಚಿಕಿತ್ಸೆ ಕೊಟ್ಟ ತಂಡದವಳಾಗಿರದಿರಲಿ. ಅತ್ತೆ, ಗಂಡ, ಮಗ ಪಕ್ಕದಲ್ಲಿ ಕುಳಿತಿರುವಾಗ ಬರುವ ‘ದೇವರ ದಯೆ, ಎಲ್ಲಾ ಚೆನ್ನಾಗಿದೆ’ ಎಂಬ ಉತ್ತರಕ್ಕೆ ಅಳತೆಯ ಬೆಲೆಯಿಲ್ಲ.

ಪ್ರಶ್ನೆಯನ್ನು ಓದಿ, ಉತ್ತರ ಪಡೆದು, ಆಮೇಲೆ ಕೆದಕಬೇಕು. ‘ಈ ಪ್ರಶ್ನಿ ಕೇಳಿದ ಕೂಡ್ಲೆ ನಿಮಗ ಏನ್ ನೆನಪಾತ್ರಿ?’, ‘ಇದನ್ನ ನಿಮ್ಮ ಮಾತಿನ್ಯಾಗ ಹ್ಯಾಂಗ ಕೇಳ್ತೀರಿ?’, ‘ಸ್ವಲ್ಪ ಅಂದ್ರಲ್ಲ, ತುಂಬಾ ಅಂತ ಯಾಕ ಅನ್ನಲಿಲ್ಲ?’ ಎಂಬಂಥ ಪ್ರಶ್ನೆಗಳು ಸಾಕು. ‘ಅರ್ಥವಾಯಿತೇ?’ ಎಂದು ಮಾತ್ರ ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. ಒಪ್ಪಿದವರ ಮಾತನ್ನು ಧ್ವನಿಮುದ್ರಿಸಿ, ಸಂಕ್ಷೇಪಿಸದೆ ಬರೆದುಕೊಳ್ಳಿ.

ವಿಶೇಷವಾಗಿ ಕಾದು ನೋಡಬೇಕಾದ ಎಡೆಗಳು ಕೆಲವಿವೆ. ಮೈಯಲ್ಲಿ ಇದ್ದಕ್ಕಿದ್ದಂತೆ ಬಿಸಿ ಏಳುವ ಲಕ್ಷಣವು ಟ್ಯಾಮಾಕ್ಸಿಫೆನ್‌ನಂಥ ಹಾರ್ಮೋನ್ ಮಾತ್ರೆಯನ್ನು ಐದರಿಂದ ಹತ್ತು ವರ್ಷ ನುಂಗುವವರಲ್ಲಿ ಸಾಮಾನ್ಯ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳ ಉಷ್ಣಾಂಶ 40 ಡಿಗ್ರಿ ದಾಟುವಾಗ ಇದನ್ನು ಕೇಳಿದರೆ ‘ಯಾರಿಗೆ ಇಲ್ಲ?’ ಎಂಬ ಮರುಪ್ರಶ್ನೆ ಬರುವುದು ಸಹಜ. ಒಳಗಿನಿಂದ ಹಠಾತ್ತನೆ ಏರಿ ಸ್ವಲ್ಪ ಹೊತ್ತಿನಲ್ಲಿ ಇಳಿಯುವ ಕಾವು ಎಂಬ ಸ್ಪಷ್ಟತೆ ಪ್ರಶ್ನೆಯಲ್ಲೇ ಬರುವಂತೆ ನೋಡಿಕೊಳ್ಳಿ, ಸಂದರ್ಶನದ ತಿಂಗಳನ್ನು ದಾಖಲಿಸಿ. ‘ಎದೆ ನೋವು’ ಎಂದು ಕೇಳಿದರೆ ಹೃದಯದ ನೋವೆಂದು ತಿಳಿಯುವವರಿರುವುದರಿಂದ ‘ಆಪರೇಷನ್ ಆದ ಕಡೆಯ ಎದೆಭಾಗ’ ಎಂದು ಗುರುತಿಸಬೇಕು. ಕೈಬಾವಿನ ಪ್ರಶ್ನೆ ಸುಲಭವಾಗಿ ಅರ್ಥವಾಗುತ್ತದೆ, ಆದರೆ ಅದರ ಪರಿಣಾಮ ಹೊರಬರುವುದು ರೊಟ್ಟಿ ಬಡಿಯುವ, ಬಟ್ಟೆ ಒಗೆಯುವ, ಕಳೆ ಕೀಳುವ ಮಾತು ಬಂದಾಗ. ತನ್ನ ದೇಹವನ್ನು ಬಟ್ಟೆಯಿಲ್ಲದೆ ನೋಡಿಕೊಳ್ಳಲು ಕಷ್ಟವಾಗುತ್ತದೆಯೇ ಎಂಬ ಬಿಆರ್23ರ ಪ್ರಶ್ನೆಗೆ ನಿಲುವುಗನ್ನಡಿಯೂ ಏಕಾಂತದ ಸ್ನಾನಗೃಹವೂ ಇಲ್ಲದ ಮನೆಯಲ್ಲಿ ಏನು ಅರ್ಥ ಎಂಬುದನ್ನು ಆ ಮಹಿಳೆಯರೇ ಹೇಳಬೇಕು. ಕುಪ್ಪಸ ಹೊಂದದಿರುವುದು, ಮದುವೆ ಮನೆಗೆ ಹೋಗಲು ಹಿಂಜರಿಯುವುದು ಅವರ ಮಾತಿನಲ್ಲಿ ಬಂದರೆ ಬರೆದುಕೊಳ್ಳಿ.

ಲೈಂಗಿಕ ಜೀವನದ ಪ್ರಶ್ನೆಗಳನ್ನು ‘ನಮ್ಮ ಕಡೆ ಕೇಳುವಂತಿಲ್ಲ’ ಎಂದು ಸಂಶೋಧಕರೇ ತೆಗೆದುಹಾಕುವುದನ್ನು ನಾನು ಒಪ್ಪುವುದಿಲ್ಲ. ಆ ನೋವನ್ನು ಹೇಳಿಕೊಳ್ಳಲು ಆಕೆಗೆ ಬೇರೆ ಯಾವ ಎಡೆಯೂ ಇಲ್ಲದಿರಬಹುದು. ಕೊನೆಯಲ್ಲಿ, ಏಕಾಂತದಲ್ಲಿ, ಉತ್ತರಿಸದಿರುವ ಹಕ್ಕನ್ನು ಮೊದಲೇ ತಿಳಿಸಿ ಕೇಳಿ, ಉತ್ತರಿಸದವರ ಸಂಖ್ಯೆಯನ್ನು ವರದಿ ಮಾಡಿ. ‘ಗಂಡ’ ಎಂಬ ಪದವನ್ನು ಮಾತ್ರ ವಿಚಾರ ಮಾಡಿ ಬಳಸಬೇಕು: ವಿಧವೆಯರು, ಗಂಡ ಬಿಟ್ಟವರು, ಈ ಮೂರೂ ಜಿಲ್ಲೆಗಳಲ್ಲಿ ದೇವದಾಸಿ ಪದ್ಧತಿಯಿಂದ ಹೊರಬಂದವರು ನಿಮ್ಮೆದುರು ಕುಳಿತಿರುತ್ತಾರೆ. ‘ಸಂಗಾತಿ’ ಪುಸ್ತಕದ ಮಾತೆನಿಸಿದರೆ ‘ನಿಮಗೆ ಹತ್ತಿರದವರು’ ಎಂಬುದನ್ನು ಪರೀಕ್ಷಿಸಿ ನೋಡಬಹುದು.

ಕಾಲಾವಧಿಯೂ ಗೊಂದಲ ತರುತ್ತದೆ. ಒಂದೇ ಪ್ರಶ್ನಾವಳಿಯಲ್ಲಿ ಕೆಲವು ಪ್ರಶ್ನೆಗಳು ಹಿಂದಿನ ಒಂದು ವಾರಕ್ಕೆ, ಲೈಂಗಿಕತೆಯವು ನಾಲ್ಕು ವಾರಕ್ಕೆ ಸಂಬಂಧಿಸಿವೆ. ‘ಹೋದ ಸಂತೆಯಿಂದ ಈ ಸಂತೆಯವರೆಗೆ’, ‘ಹೋದ ಅಮಾವಾಸ್ಯೆಯಿಂದ ಈಚೆಗೆ’ ಎಂದು ಸಂದರ್ಶಕಿ ನೆನಪಿಸಿದರೆ ಉತ್ತರ ಖಚಿತವಾಗುತ್ತದೆ. ಈ ನೆರವಿನ ಮಾತುಗಳನ್ನೂ ಪುಸ್ತಿಕೆಯಲ್ಲಿ ನಿಗದಿಪಡಿಸಿ.

ಬಳ್ಳಾರಿ, ಸಿರುಗುಪ್ಪದ ತೆಲುಗು, ರಾಯಚೂರಿನ ಉರ್ದು, ತಾಂಡಾಗಳ ಲಂಬಾಣಿ ಮಾತಿನವರಿಗೆ ಸ್ಥಳದಲ್ಲೇ ತೋಚಿದಂತೆ ಅನುವಾದಿಸಿ ಹೇಳುವುದು ಬೇಡವೇ ಬೇಡ. ಕನ್ನಡದಲ್ಲಿ ಉತ್ತರಿಸಬಲ್ಲವರನ್ನಷ್ಟೇ ಸೇರಿಸಿಕೊಂಡು, ಮನೆಮಾತನ್ನು ದಾಖಲಿಸಿ.

ಹಂತ 6: ಅಳತೆಯ ಗುಣಗಳ ಪರೀಕ್ಷೆ

ಪಠ್ಯ ನೆಲೆಗೊಂಡ ಮೇಲೆ ದೊಡ್ಡ ಮಾದರಿ ಬೇಕು. ಆರೋಗ್ಯ ಪ್ರಶ್ನಾವಳಿಗಳ ಗುಣಮಟ್ಟಕ್ಕೆ ಮಾನದಂಡ ರೂಪಿಸುವ ಕಾಸ್ಮಿನ್ ತಂಡದ ಪ್ರಕಾರ ರಚನೆಯ ಪರೀಕ್ಷೆಗೆ, ಅಂದರೆ ಪ್ರಶ್ನೆಗಳು ಮೂಲದಲ್ಲಿರುವಂತೆಯೇ ಗುಂಪುಗೂಡುತ್ತವೆಯೇ ಎಂದು ನೋಡಲು, ಪ್ರಶ್ನೆಗಳ ಸಂಖ್ಯೆಯ ಏಳರಷ್ಟು ಮತ್ತು ಕನಿಷ್ಠ 100 ಜನರಿದ್ದರೆ ಉತ್ತಮ. 23 ಪ್ರಶ್ನೆಗಳಿಗೆ 161, 37ಕ್ಕೆ 259. ಒಂದೇ ಆಸ್ಪತ್ರೆಯಲ್ಲಿ ಇಷ್ಟು ಜನ ಸಿಗುವುದು ಕಷ್ಟ. ಇಲ್ಲಿಯವರು ಬೆಂಗಳೂರಿನ ಕಿದ್ವಾಯಿಗೆ, ಕಲಬುರಗಿಯ ಅದರ ಶಾಖೆಗೆ, ಹೈದರಾಬಾದಿಗೆ ಹೋಗಿ ಚಿಕಿತ್ಸೆ ಪಡೆದಿರುತ್ತಾರೆ. ತಪಾಸಣೆಗೆ ಬರುವುದನ್ನೇ ಬಿಟ್ಟವರನ್ನು ಆಶಾ ಕಾರ್ಯಕರ್ತೆಯರ ಮೂಲಕ, ಗುಟ್ಟು ಕಾಪಾಡಿಕೊಂಡು ಹುಡುಕದಿದ್ದರೆ ನಿಮ್ಮ ಮಾದರಿಯಲ್ಲಿ ಚೆನ್ನಾಗಿರುವವರೇ ತುಂಬಿಕೊಳ್ಳುತ್ತಾರೆ. ನಾಟಿ ಮತ್ತು ಸುಗ್ಗಿಯ ದಿನಗಳಲ್ಲಿ ಕರೆದರೆ ಕೂಲಿ ತಪ್ಪುತ್ತದೆ. ಪ್ರಯಾಣದ ಖರ್ಚಿನ ಜೊತೆ ಅದಕ್ಕೂ ಬಜೆಟ್ಟಿನಲ್ಲಿ ಜಾಗವಿರಲಿ.

ಆಂತರಿಕ ಸುಸಂಗತತೆಯನ್ನು, ಅಂದರೆ ಒಂದೇ ವಿಷಯದ ಪ್ರಶ್ನೆಗಳು ಪರಸ್ಪರ ಎಷ್ಟು ಹೊಂದುತ್ತವೆ ಎಂಬುದನ್ನು ತೋರಿಸುವ ಕ್ರೋನ್‌ಬಾಕ್ ಆಲ್ಫಾವನ್ನು ಪ್ರತಿ ಉಪಮಾಪಕಕ್ಕೂ (ಒಂದು ವಿಷಯದ ಪ್ರಶ್ನೆಗಳ ಗುಂಪಿಗೂ) ಬೇರೆಯಾಗಿ ಲೆಕ್ಕ ಹಾಕಿ, 0.70 ಅಥವಾ ಮೇಲಿರಬೇಕು. ಇಡೀ ಪ್ರಶ್ನಾವಳಿಗೆ ಒಂದೇ ಆಲ್ಫಾ ಕೊಡುವುದು ಅರ್ಥಹೀನ. ಎರಡು ವಾರಗಳ ಅಂತರದಲ್ಲಿ, ಆರೋಗ್ಯಸ್ಥಿತಿ ಬದಲಾಗದ ಕನಿಷ್ಠ 50 ಜನರನ್ನು ಅದೇ ವಿಧಾನದಲ್ಲಿ ಮತ್ತೆ ಕೇಳಿ, ಎರಡು ಸಲದ ಅಂಕಗಳು ಎಷ್ಟು ಹೊಂದುತ್ತವೆ ಎಂದು ಹೇಳುವ ಐಸಿಸಿ ಎಂಬ ಗುಣಾಂಕವನ್ನು ಕಂಡುಹಿಡಿಯಿರಿ, ಅದೂ 0.70 ದಾಟಬೇಕು. ರಚನೆಯನ್ನು ಪರೀಕ್ಷಿಸುವ ದೃಢೀಕರಣ ಅಂಶ ವಿಶ್ಲೇಷಣೆಯಲ್ಲಿ, ಅಂಕಿಗಳು ಮೂಲ ರಚನೆಗೆ ಎಷ್ಟು ಹೊಂದುತ್ತವೆ ಎಂದು ಹೇಳುವ ಸೂಚ್ಯಂಕಗಳಲ್ಲಿ ಸಿಎಫ್‌ಐ 0.95ಕ್ಕಿಂತ ಹೆಚ್ಚು ಅಥವಾ ಆರ್‌ಎಂಎಸ್‌ಇಎ 0.06ಕ್ಕಿಂತ ಕಡಿಮೆ ಇದ್ದರೆ ಮೂಲ ರಚನೆ ಉಳಿದಿದೆ ಎನ್ನಬಹುದು. ಶೇಕಡಾ 15ಕ್ಕಿಂತ ಹೆಚ್ಚು ಜನ ಕನಿಷ್ಠ ಅಥವಾ ಗರಿಷ್ಠ ಅಂಕದಲ್ಲೇ ನಿಂತರೆ ಆ ಮಾಪಕ ವ್ಯತ್ಯಾಸಗಳನ್ನು ಹಿಡಿಯುತ್ತಿಲ್ಲ.

ಸಿಂಧುತ್ವದ, ಅಂದರೆ ಪ್ರಶ್ನಾವಳಿ ಅಳೆಯಬೇಕಾದದ್ದನ್ನೇ ಅಳೆಯುತ್ತಿದೆಯೇ ಎಂಬುದರ, ಊಹೆಗಳನ್ನು ಅಂಕಿಗಳನ್ನು ನೋಡುವ ಮುನ್ನವೇ ಬರೆದಿಡಿ. ಎರಡು ತೋಳುಗಳ ಸುತ್ತಳತೆಯಲ್ಲಿ 2 ಸೆಂಟಿಮೀಟರ್ ಅಥವಾ ಹೆಚ್ಚು ವ್ಯತ್ಯಾಸವಿರುವವರ ತೋಳಿನ ಲಕ್ಷಣಗಳ ಅಂಕ ಉಳಿದವರಿಗಿಂತ ಹೆಚ್ಚಿರಬೇಕು ಎಂಬುದು ಒಳ್ಳೆಯ ಊಹೆ, ಏಕೆಂದರೆ ಅಳತೆಪಟ್ಟಿಯೊಂದಿದ್ದರೆ ಯಾವ ತಾಲ್ಲೂಕಿನಲ್ಲಾದರೂ ಪರೀಕ್ಷಿಸಬಹುದು. ಊಹೆಗಳಲ್ಲಿ ಶೇಕಡಾ 75 ಸರಿಬಂದರೆ ಸಾಕೆಂಬುದು ಒಪ್ಪಿತ ನಿಯಮ. ತಾವೇ ಓದಿ ಬರೆದವರ ಮತ್ತು ಓದಿಸಿಕೊಂಡು ಉತ್ತರಿಸಿದವರ ಅಂಕಗಳನ್ನು ಪ್ರತ್ಯೇಕವಾಗಿಯೂ ಹೋಲಿಸಿ ನೋಡಿ.

ಹಂತ 7: ಅಂಕಗಣನೆ ಮತ್ತು ಒಪ್ಪಿಸುವಿಕೆ

ಇಒಆರ್‌ಟಿಸಿ ಮಾಪಕಗಳ ಅಂಕಗಳನ್ನು 0ರಿಂದ 100ಕ್ಕೆ ಪರಿವರ್ತಿಸುತ್ತಾರೆ. ಕಾರ್ಯನಿರ್ವಹಣೆಯ ಮಾಪಕದಲ್ಲಿ ಹೆಚ್ಚಿನ ಅಂಕ ಒಳ್ಳೆಯದು, ಲಕ್ಷಣಗಳ ಮಾಪಕದಲ್ಲಿ ಹೆಚ್ಚಿನ ಅಂಕ ಹೆಚ್ಚಿನ ತೊಂದರೆ. ಈ ದಿಕ್ಕನ್ನು ಕನ್ನಡ ಪುಸ್ತಿಕೆಯ ಮೊದಲ ಪುಟದಲ್ಲೇ ಮುದ್ರಿಸಿ. ಒಂದು ಮಾಪಕದ ಅರ್ಧದಷ್ಟಾದರೂ ಪ್ರಶ್ನೆಗಳಿಗೆ ಉತ್ತರವಿದ್ದರೆ ಮಾತ್ರ ಅಂಕ ಕೊಡಬಹುದು. ಮೂಲ ವಾಕ್ಯ, ಎರಡು ಅನುವಾದ, ಜೋಡಣೆ, ಮರು ಅನುವಾದ, ಸಮಿತಿಯ ನಿರ್ಧಾರ, ಮಹಿಳೆಯರ ಮಾತು, ಅಂತಿಮ ರೂಪ ಇಷ್ಟನ್ನೂ ಪ್ರತಿ ಪ್ರಶ್ನೆಗೆ ಒಂದು ಸಾಲಿನಂತೆ ಜೋಡಿಸಿದ ಕಡತವನ್ನು ಹಕ್ಕುದಾರರಿಗೆ ಕಳುಹಿಸಿ, ಅವರ ಅನುಮೋದನೆ ಬಂದ ಆವೃತ್ತಿಗೆ ದಿನಾಂಕ ಮತ್ತು ಆವೃತ್ತಿ ಸಂಖ್ಯೆ ಹಾಕಿ. ಸಂದರ್ಶನದ ವೇಳೆ ತೀವ್ರ ಬೇಸರ ಅಥವಾ ಹೊಸ ಗಂಟಿನ ವಿಷಯ ಹೇಳಿದ ಮಹಿಳೆಯರನ್ನು ಯಾವ ವೈದ್ಯರ ಬಳಿ, ಯಾರ ಜೊತೆ, ಎಷ್ಟು ದಿನದೊಳಗೆ ಕಳುಹಿಸಬೇಕು ಎಂಬ ವ್ಯವಸ್ಥೆಯನ್ನು ಮೊದಲ ಸಂದರ್ಶನಕ್ಕೆ ಮುಂಚೆಯೇ ಲಿಖಿತವಾಗಿ ಮಾಡಿಟ್ಟುಕೊಂಡು, ಆ ಹಾಳೆಯನ್ನು ಪ್ರತಿಯೊಬ್ಬ ಸಂದರ್ಶಕಿಯ ಚೀಲದಲ್ಲಿ ಇರಿಸಿ.